ಎಲುಬಿಗೆ ರಜೆಯ ಲೆಕ್ಕ ಗೊತ್ತಿಲ್ಲ

ಜನವರಿಯಲ್ಲಿ ಕಾರ್ಕಳದ ಅತ್ತೂರು ಜಾತ್ರೆ, ಮಾರ್ಚಿನ ಹೊತ್ತಿಗೆ ಕಾಪುವಿನ ಸುಗ್ಗಿ ಮಾರಿಪೂಜೆ, ಎಪ್ರಿಲ್-ಮೇ ಬಂತೆಂದರೆ ಮದುವೆ, ಗೃಹಪ್ರವೇಶ, ನೇಮ. ದುಬೈ, ಅಬುಧಾಬಿ, ಕುವೈತ್, ಬಹ್ರೈನ್‌ಗಳಲ್ಲಿ ದುಡಿಯುವ ನಮ್ಮ ಜಿಲ್ಲೆಯವರು ರಜೆ ಹಾಕಿ ಊರಿಗೆ ಬರುವ ದಿನಗಳಿವು. ಬರುವಾಗ, ಮಾಡಿ ಮುಗಿಸಬೇಕಾದ ಕೆಲಸಗಳ ಉದ್ದನೆಯ ಪಟ್ಟಿಯೂ ಅವರ ಜೊತೆ ಬರುತ್ತದೆ. ಜಾಗದ ಪಹಣಿ ಸರಿಪಡಿಸುವುದು, ಬ್ಯಾಂಕಿನ ಕೆಲಸ, ತಾಯಿಯ ಕಣ್ಣಿನ ಪೊರೆಯ ಆಪರೇಷನ್. ಆ ಪಟ್ಟಿಯ ಕೊನೆಯಲ್ಲಿ ಈಗೀಗ ಇನ್ನೊಂದು ಸೇರಿಕೊಂಡಿದೆ. ಅದು ಬಿದ್ದುಹೋದ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಹಾಕಿಸಿಕೊಳ್ಳುವುದು.

ಇದರಲ್ಲಿ ತಪ್ಪೇನೂ ಇಲ್ಲ. ಗಲ್ಫ್ ದೇಶಗಳಲ್ಲಿ ಹಲ್ಲಿನ ಚಿಕಿತ್ಸೆ ದುಬಾರಿ. ಕಂಪೆನಿಯವರು ಮಾಡಿಸಿಕೊಡುವ ಸಾಮಾನ್ಯ ವಿಮೆಯಲ್ಲಿ ಇಂಪ್ಲಾಂಟಿನ ಖರ್ಚು ಸಿಗುವುದು ಅಪರೂಪ. ಇಲ್ಲಾದರೆ ಮಣಿಪಾಲದಲ್ಲಿ 1965ರಿಂದ ದಂತ ವೈದ್ಯಕೀಯ ಕಾಲೇಜು ಇದೆ. ಉಡುಪಿ, ಕಾಪು, ಕಾರ್ಕಳದ ಪೇಟೆಗಳಲ್ಲಿ ನುರಿತ ದಂತ ವೈದ್ಯರಿದ್ದಾರೆ. ಹಲ್ಲಿಗಾಗಿ ಗಡಿ ದಾಟುವವರು ನಮ್ಮವರೊಬ್ಬರೇ ಏನಲ್ಲ. ಬ್ರಿಟನ್ನಿನ ಜನ ಹಂಗೇರಿಗೆ, ಟರ್ಕಿಗೆ ಹೋಗುತ್ತಾರೆ. ಅಮೆರಿಕದವರು ಗಡಿಯಾಚೆ ಮೆಕ್ಸಿಕೋದ ಲಾಸ್ ಅಲ್ಗೊಡೋನಸ್ ಎಂಬ ಪುಟ್ಟ ಊರಿಗೆ ಹೋಗುತ್ತಾರೆ; ಅಲ್ಲಿ ಬೀದಿ ತುಂಬ ಹಲ್ಲಿನ ಕ್ಲಿನಿಕ್‌ಗಳೇ. ಅವರಿಗೆ ಅದು ಪರದೇಶ, ನಮ್ಮವರಿಗೆ ಇದು ಹುಟ್ಟೂರು. ವ್ಯತ್ಯಾಸ ಇಷ್ಟೇ.

ಆದರೆ ತೊಂದರೆ ಎರಡೂ ಕಡೆ ಒಂದೇ. ಚಿಕಿತ್ಸೆ ಎಷ್ಟು ದಿನದಲ್ಲಿ ಮುಗಿಯಬೇಕು ಎಂಬುದನ್ನು ವಿಮಾನದ ಟಿಕೆಟು ತೀರ್ಮಾನಿಸುತ್ತದೆ. ಟರ್ಕಿ ಮುಂತಾದ ಕಡೆ ಹೋಗಿ ಬಂದವರ ಕೆಟ್ಟುಹೋದ ಹಲ್ಲುಗಳನ್ನು ಸರಿಪಡಿಸುವ ಹೊಣೆ ತಮ್ಮ ಮೇಲೆ ಬೀಳುತ್ತಿದೆಯೆಂದು ಬ್ರಿಟಿಷ್ ದಂತ ವೈದ್ಯರ ಸಂಘ ಎಚ್ಚರಿಸಿದೆ. ಆದುದರಿಂದ ಈ ಅಂಕಣದ ಓದುಗರಲ್ಲಿ ನನ್ನದೊಂದು ಖಚಿತವಾದ ಮಾತು: ಇಂಪ್ಲಾಂಟನ್ನು ಊರಿನಲ್ಲೇ ಮಾಡಿಸಿಕೊಳ್ಳಿ, ಆದರೆ ಒಂದೇ ರಜೆಯಲ್ಲಿ ಮುಗಿಸಬೇಕೆಂಬ ಹಟ ಬೇಡ.

ಎಲುಬು ಹಿಡಿದುಕೊಳ್ಳುವುದು ಹೇಗೆ?

ಇಂಪ್ಲಾಂಟ್ ಎಂದರೆ ಹಲ್ಲಿನ ಬೇರಿನ ಬದಲಿಗೆ ದವಡೆಯ ಎಲುಬಿನಲ್ಲಿ ಕೂರಿಸುವ ಟೈಟಾನಿಯಂ ಲೋಹದ ಪುಟ್ಟ ಸ್ಕ್ರೂ. ಅದರ ಮೇಲೆ ಕೃತಕ ಹಲ್ಲಿನ ಕ್ಯಾಪ್ ಬರುತ್ತದೆ. ಸ್ವೀಡನ್ನಿನ ಪ್ರೊ. ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಎಲುಬಿನೊಳಗೆ ರಕ್ತಸಂಚಾರವನ್ನು ನೋಡಲು ಟೈಟಾನಿಯಂ ಸಾಧನವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಅದು ಬರಲಿಲ್ಲ. ಎಲುಬು ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಹದಿಮೂರು ವರ್ಷಗಳ ಬಳಿಕ, ಅಂದರೆ ಮಣಿಪಾಲದ ದಂತ ಕಾಲೇಜು ಆರಂಭವಾದ 1965ರಲ್ಲೇ, ಅವರು ಮೊದಲ ಬಾರಿಗೆ ಮನುಷ್ಯನ ಕೆಳದವಡೆಯಲ್ಲಿ ಇಂಥ ಸ್ಕ್ರೂಗಳನ್ನು ಕೂರಿಸಿದರು. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಅವರ ಬಾಯಿಯಲ್ಲಿ ಕೆಲಸ ಮಾಡುತ್ತಿದ್ದವು.

ನಲವತ್ತು ವರ್ಷ ಬಾಳಿದ ಆ ಕೆಲಸದ ಗುಟ್ಟೇನು? ಲೋಹದ ಗುಣ ಒಂದು, ತಾಳ್ಮೆ ಇನ್ನೊಂದು. ಬ್ರೋನೆಮಾರ್ಕ್ ಅವರ ಪದ್ಧತಿಯಲ್ಲಿ ಸ್ಕ್ರೂ ಕೂರಿಸಿ ವಸಡು ಮುಚ್ಚಿ ಹೊಲಿದ ಮೇಲೆ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕಿತ್ತು. ಮೇಲ್ದವಡೆಯ ಎಲುಬು ಮೆದು, ಅದಕ್ಕೇ ಹೆಚ್ಚು ಸಮಯ. ಈಗಿನ ಇಂಪ್ಲಾಂಟುಗಳ ಮೇಲ್ಮೈ ಸುಧಾರಿಸಿರುವುದರಿಂದ ಗಟ್ಟಿ ಎಲುಬು ಇರುವವರಲ್ಲಿ ಆರರಿಂದ ಎಂಟು ವಾರ ಸಾಕಾಗುವುದೂ ಉಂಟು. ಆದರೂ ಎಲ್ಲರಿಗೂ ಹಾಗಲ್ಲ. ಎಲುಬು ಹಿಡಿಯುವ ಮೊದಲೇ ಜಗಿಯುವ ಭಾರ ಬಿದ್ದು, ಸ್ಕ್ರೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಅಲುಗಾಡಿದರೂ ಸುತ್ತ ಎಲುಬಿನ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ಅಂಥ ಇಂಪ್ಲಾಂಟ್ ಮತ್ತೆ ಗಟ್ಟಿಯಾಗುವುದಿಲ್ಲ. ತೆಗೆಯುವುದೊಂದೇ ದಾರಿ.

ಮೂವತ್ತು ದಿನದ ರಜೆಯಲ್ಲಿ ಏನಾಗುತ್ತದೆ?

ಕಾರ್ಕಳದ ಕಡೆಯವರೊಬ್ಬರು ತಿಂಗಳ ರಜೆಯಲ್ಲಿ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ವಾರ ನೆಂಟರ ಮನೆ. ಎರಡನೇ ವಾರ ತಂಗಿಯ ಮದುವೆ. ಹಲ್ಲಿನ ವೈದ್ಯರ ಬಳಿ ಹೋಗುವಾಗ ಉಳಿದಿರುವುದು ಹನ್ನೆರಡು ದಿನ. ಒಂದು ಹಲ್ಲು ಹೋಗಿ ಐದು ವರ್ಷವಾಗಿದೆ. ಪಕ್ಕದ ಹಲ್ಲು ಹುಳುಕಾಗಿದೆ. ವಸಡಿನಿಂದ ರಕ್ತ ಬರುತ್ತದೆ. 'ಡಾಕ್ಟ್ರೇ, ಹೋಗುವುದರೊಳಗೆ ಎಲ್ಲ ಮುಗಿಸಿಕೊಡಿ' ಎನ್ನುತ್ತಾರೆ.

ಇಲ್ಲಿ ಮೂರು ಅಪಾಯಗಳಿವೆ. ಮೊದಲನೆಯದು, ರೂಟ್ ಕೆನಾಲ್ ಮಾಡಿ ಉಳಿಸಬಹುದಾಗಿದ್ದ ಹಲ್ಲನ್ನು 'ಸಮಯವಿಲ್ಲ' ಎಂದು ಕೀಳಿಸಿಬಿಡುವುದು. ಯಾವ ಇಂಪ್ಲಾಂಟೂ ಸ್ವಂತ ಹಲ್ಲಿಗೆ ಸಮನಲ್ಲ. ಎರಡನೆಯದು, ವಸಡಿನ ರೋಗಕ್ಕೆ ಚಿಕಿತ್ಸೆ ಮಾಡದೆ ಅದರ ನಡುವೆಯೇ ಸ್ಕ್ರೂ ಕೂರಿಸುವುದು. ಹಲ್ಲನ್ನು ಕೆಡಿಸಿದ ಸೋಂಕು ಇಂಪ್ಲಾಂಟನ್ನು ಬಿಟ್ಟೀತೇ? ಮೂರನೆಯದು, ಎಲುಬು ಹಿಡಿಯುವ ಮೊದಲೇ ಮೇಲೆ ಕ್ಯಾಪ್ ಹಾಕಿ ಕಳುಹಿಸುವುದು. ವಿಮಾನ ಹತ್ತುವಾಗ ನಗು ಚೆನ್ನಾಗಿಯೇ ಇರುತ್ತದೆ. ಎರಡು ತಿಂಗಳ ಬಳಿಕ ಶಾರ್ಜಾದ ಕೋಣೆಯಲ್ಲಿ ಹಲ್ಲು ಅಲುಗಾಡತೊಡಗಿದಾಗ ಹಾಕಿದ ವೈದ್ಯರು ಇಲ್ಲಿ, ಬಾಯಿ ಅಲ್ಲಿ. ಉಳಿಸಿದ ಹಣಕ್ಕಿಂತ ಹೆಚ್ಚು ಆಗ ಖರ್ಚಾಗುತ್ತದೆ.

'ಮೂರೇ ದಿನದಲ್ಲಿ ಹಲ್ಲು' ಎಂಬ ಜಾಹೀರಾತು ಸುಳ್ಳೇ ಎಂದು ನೀವು ಕೇಳಬಹುದು. ಪೂರ್ತಿ ಸುಳ್ಳಲ್ಲ. ಎಲುಬು ಗಟ್ಟಿಯಿದ್ದು, ಸ್ಕ್ರೂ ಕೂರಿಸಿದಾಗಲೇ ಬಿಗಿಯಾಗಿ ನಿಂತರೆ, ಆಯ್ದ ಕೆಲವರಿಗೆ ಕೂಡಲೇ ಹಲ್ಲು ಜೋಡಿಸುವ ಕ್ರಮವಿದೆ. ಆದರೆ ಹಾಗೆ ಮಾಡಿಸಿಕೊಂಡವರು ಮೆದು ಆಹಾರವನ್ನೇ ತಿಂದುಕೊಂಡು, ಮುಂದಿನ ತಿಂಗಳುಗಳಲ್ಲಿ ಪದೇ ಪದೇ ವೈದ್ಯರಿಗೆ ತೋರಿಸುತ್ತಿರಬೇಕು. ಊರಿನಲ್ಲೇ ಇರುವವರಿಗೆ ಅದು ಸಾಧ್ಯ. ಮುಂದಿನ ಸೋಮವಾರ ಬಜಪೆಯಿಂದ ವಿಮಾನ ಹತ್ತುವವರಿಗೆ ಅದೇ ಕ್ರಮ ಎಲ್ಲಕ್ಕಿಂತ ಕಡಿಮೆ ಹೊಂದುತ್ತದೆ. ಜಾಹೀರಾತು ಮಾತ್ರ ಅವರನ್ನೇ ಕರೆಯುತ್ತದೆ.

ಎರಡು ರಜೆಗಳ ಯೋಜನೆ

ಹಾಗಾದರೆ ಮಾಡಬೇಕಾದುದೇನು? ಹೊರಡುವ ಎರಡು ತಿಂಗಳ ಮೊದಲೇ ಅಲ್ಲಿಯೇ ಇಡೀ ದವಡೆಯ ಎಕ್ಸ್‌ರೇ (ಒ.ಪಿ.ಜಿ.) ತೆಗೆಸಿ ಇಲ್ಲಿನ ವೈದ್ಯರಿಗೆ ಕಳುಹಿಸಿ. ಅದಕ್ಕೆ ಹೆಚ್ಚು ಖರ್ಚಾಗದು. ಹಲ್ಲು ಕ್ಲೀನ್ ಮಾಡಿಸಿಕೊಳ್ಳುವುದನ್ನೂ ವಸಡಿನ ಚಿಕಿತ್ಸೆಯನ್ನೂ ಅಲ್ಲೇ ಮುಗಿಸಿಕೊಂಡರೆ ಇನ್ನೂ ಒಳ್ಳೆಯದು. ಊರಿಗೆ ಬಂದ ಮೊದಲ ವಾರದಲ್ಲೇ ವೈದ್ಯರನ್ನು ಕಾಣಿ. ಮದುವೆ ಮುಗಿಯಲಿ ಎಂದು ಕಾಯಬೇಡಿ. ಬೇಕಾದಲ್ಲಿ ಸಿ.ಬಿ.ಸಿ.ಟಿ. ಸ್ಕ್ಯಾನ್ ಮಾಡಿ ಎಲುಬಿನ ಅಗಲ, ಎತ್ತರ, ಕೆಳದವಡೆಯ ನರ ಹಾದುಹೋಗುವ ಜಾಗ ಇವನ್ನೆಲ್ಲ ಅಳೆಯುತ್ತಾರೆ. ಸ್ಕ್ರೂ ಕೂರಿಸಿದ ಮೇಲೆ ಹೊಲಿಗೆ ತೆಗೆದು ಗಾಯ ನೋಡುವುದಕ್ಕೂ ದಿನಗಳು ಉಳಿದಿರಬೇಕು.

ಕ್ಯಾಪ್ ಮುಂದಿನ ರಜೆಗೆ. ಆರು ತಿಂಗಳಾಗಲಿ, ಒಂದು ವರ್ಷವೇ ಆಗಲಿ, ವಸಡಿನಡಿ ಮುಚ್ಚಿಟ್ಟ ಇಂಪ್ಲಾಂಟ್ ಸಾಮಾನ್ಯವಾಗಿ ಸುಮ್ಮನೆ ಕಾಯುತ್ತದೆ. ಅಲ್ಲಿಯವರೆಗೆ ಪಕ್ಕದ ಹಲ್ಲುಗಳು ವಾಲದಂತೆ, ಎದುರು ಹಲ್ಲು ಇಳಿಯದಂತೆ ತೆಗೆದು ಹಾಕುವ ತಾತ್ಕಾಲಿಕ ಹಲ್ಲೊಂದನ್ನು ಮಾಡಿಸಿಕೊಳ್ಳಬಹುದು. ಅದು ಇಂಪ್ಲಾಂಟಿನ ಮೇಲೆ ಒತ್ತದಂತೆ ವೈದ್ಯರು ನೋಡಿಕೊಳ್ಳಬೇಕು. ಒಂದು ವರ್ಷ ಕಾಯುವುದು ಬೇಸರದ ಸಂಗತಿಯೇ. ಆದರೆ ಐದು ವರ್ಷ ಖಾಲಿ ಬಿಟ್ಟ ಜಾಗಕ್ಕೆ ಇನ್ನೊಂದು ವರ್ಷ ದೊಡ್ಡದೇ?

ಮರೆಯಬಾರದ ಒಂದು ಕಾಗದ

ಇಂಪ್ಲಾಂಟ್ ಹಾಕಿಸಿಕೊಂಡವರು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕಾದ ಕಾಗದವೊಂದಿದೆ. ಇಂಪ್ಲಾಂಟ್ ಯಾವ ಕಂಪೆನಿಯದು, ಯಾವ ಮಾದರಿ, ದಪ್ಪ ಎಷ್ಟು, ಉದ್ದ ಎಷ್ಟು, ಲಾಟ್ ನಂಬರ್ ಏನು ಎಂಬ ವಿವರ ಅದರಲ್ಲಿರಬೇಕು. ಇಂಪ್ಲಾಂಟಿನ ಪೆಟ್ಟಿಗೆಯಲ್ಲೇ ಈ ವಿವರಗಳ ಸ್ಟಿಕರ್ ಬರುತ್ತದೆ. ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಇದೇಕೆ ಮುಖ್ಯವೆಂದರೆ, ಒಂದು ಕಂಪೆನಿಯ ಇಂಪ್ಲಾಂಟಿಗೆ ಇನ್ನೊಂದು ಕಂಪೆನಿಯ ಭಾಗಗಳು ಬಹಳ ಸಲ ಕೂರುವುದಿಲ್ಲ, ಬಿಗಿಗೊಳಿಸುವ ಡ್ರೈವರ್ ಕೂಡ ಬೇರೆ. ಕ್ಯಾಪಿನ ಒಳಗಿನ ಸಣ್ಣ ಸ್ಕ್ರೂ ಸಡಿಲವಾದರೆ ಬಿಗಿಗೊಳಿಸಲು ಐದು ನಿಮಿಷ ಸಾಕು. ಆದರೆ ಯಾವ ಇಂಪ್ಲಾಂಟ್ ಎಂದು ತಿಳಿಯದೆ ಕುವೈತಿನ ವೈದ್ಯರು ಕೈಹಾಕುವುದು ಹೇಗೆ? ದರ ಕೇಳುವಾಗಲೂ ಎಚ್ಚರವಿರಲಿ: ಹೇಳಿದ ಮೊತ್ತದಲ್ಲಿ ಸ್ಕ್ರೂ ಮಾತ್ರ ಸೇರಿದೆಯೇ, ಕ್ಯಾಪೂ ಸೇರಿದೆಯೇ, ಎಲುಬು ತುಂಬಿಸಬೇಕಾಗಿ ಬಂದರೆ ಎಷ್ಟು ಎಂಬುದನ್ನು ಬರೆದು ಪಡೆಯಿರಿ.

ಎಲ್ಲರಿಗೂ ಹೊಂದುವುದಿಲ್ಲ

ನಮ್ಮ ಕರಾವಳಿಯಲ್ಲಿ ಸಕ್ಕರೆ ಕಾಯಿಲೆಯಿಲ್ಲದ ಮನೆ ಹುಡುಕುವುದೇ ಕಷ್ಟ ಎನ್ನುವಂತಾಗಿದೆ. ಸಕ್ಕರೆ ಹತೋಟಿಯಲ್ಲಿದ್ದರೆ ಇಂಪ್ಲಾಂಟಿಗೆ ಅಡ್ಡಿಯಿಲ್ಲ; ಹತೋಟಿ ತಪ್ಪಿದ್ದರೆ ಗಾಯ ಮಾಯದು, ಸೋಂಕು ಬೇಗ ತಗಲುತ್ತದೆ. ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆಯ ವರದಿ ಕೈಯಲ್ಲಿರಲಿ. ಸಿಗರೇಟು, ಬೀಡಿ ಸೇದುವವರಲ್ಲಿ ಇಂಪ್ಲಾಂಟ್ ಸೋಲುವುದು ಹೆಚ್ಚು. ಗುಟ್ಕಾ, ಹೊಗೆಸೊಪ್ಪಿನ ಚಟ ಬಿಡದೆ ಸಾವಿರಾರು ರೂಪಾಯಿ ಸುರಿಯುವುದು ಜಾಣತನವಲ್ಲ. ಎಲುಬು ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ಆರು ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಳ್ಳುವ ಮಹಿಳೆಯರು, ಕ್ಯಾನ್ಸರಿಗಾಗಿ ದವಡೆಗೆ ವಿಕಿರಣ ಚಿಕಿತ್ಸೆ ಪಡೆದವರು ಅದನ್ನು ಮೊದಲೇ ಹೇಳಲೇಬೇಕು. ಅಂಥವರಲ್ಲಿ ದವಡೆಯ ಎಲುಬಿನ ಗಾಯ ಮಾಯದೆ ಉಳಿಯುವ ಅಪಾಯವಿದೆ.

ಇಂಪ್ಲಾಂಟ್ ಬೇಡವಾದರೆ ಬದುಕೇ ಇಲ್ಲವೆಂದೇನಿಲ್ಲ. ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಬ್ರಿಜ್ ಕಟ್ಟಬಹುದು. ರಜೆಯೊಳಗೆ ಮುಗಿಯುವ ಕೆಲಸ ಅದು. ಆದರೆ ಅದಕ್ಕಾಗಿ ಆ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕಾಗುತ್ತದೆ. ತೆಗೆದು ಹಾಕುವ ಹಲ್ಲಿನ ಸೆಟ್ ಇದೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಪೂರ್ತಿ ಸೆಟ್ ಮಾಡಿಸಿಕೊಡಲು ರಾಜ್ಯ ಸರಕಾರ 'ದಂತಭಾಗ್ಯ' ಎಂಬ ಯೋಜನೆಯನ್ನೇ ತಂದಿತು. ಅಂಥ ಸೆಟ್ ಹಾಕಿಕೊಂಡೇ ಕೋರಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಖುಷಿಯಿಂದ ಉಣ್ಣುವ ಅಜ್ಜ ಅಜ್ಜಿಯರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ.

ವೈದ್ಯ ಮಿತ್ರರಲ್ಲೂ ಒಂದು ಮಾತು. ಅವಸರ ರೋಗಿಯದೇ ಇರಬಹುದು, ಆದರೆ ಆಗದೆಂದು ಹೇಳಬೇಕಾದ ಹೊಣೆ ನಮ್ಮದು. ನಾವು ಒಲ್ಲೆವೆಂದರೆ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾರೆಂಬ ಭಯ ಎಲ್ಲರಿಗೂ ಇದೆ. ಆದರೂ ಮೂರು ವಾರದಲ್ಲಿ ಆಗದ ಕೆಲಸವನ್ನು ಮೂರು ವಾರದಲ್ಲಿ ಮಾಡಿಕೊಟ್ಟರೆ ಮುಂದಿನ ರಜೆಯಲ್ಲಿ ಅದೇ ರೋಗಿ ಅದೇ ಕುರ್ಚಿಯಲ್ಲಿ ಬಂದು ಕೂರುತ್ತಾನೆ, ಆಗ ಅವನಿಗೆ ಹೇಳಲು ನಮ್ಮಲ್ಲಿ ಏನೂ ಇರುವುದಿಲ್ಲ.

ಕೊನೆಯದಾಗಿ, ಕ್ಯಾಪ್ ಬಂದ ಮೇಲೆ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಸರಿಯಾಗಿ ಹಾಕಿದ ಇಂಪ್ಲಾಂಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹತ್ತು ವರ್ಷದ ಬಳಿಕವೂ ಉಳಿದಿರುತ್ತವೆ, ನಿಜ. ಆದರೆ ಇಂಪ್ಲಾಂಟಿಗೆ ನರವಿಲ್ಲ. ಸ್ವಂತ ಹಲ್ಲು ಕೆಟ್ಟರೆ ಜುಂ ಎಂದು ತಿಳಿಸುತ್ತದೆ. ಇಂಪ್ಲಾಂಟಿನ ಸುತ್ತ ಎಲುಬು ಕರಗುತ್ತಿದ್ದರೂ ಹೆಚ್ಚಾಗಿ ನೋವೇ ಇರುವುದಿಲ್ಲ. ಆದುದರಿಂದ ದಿನಕ್ಕೆರಡು ಬಾರಿ ಹಲ್ಲುಜ್ಜುವುದರ ಜೊತೆಗೆ ಇಂಪ್ಲಾಂಟಿನ ಸಂದಿಯನ್ನು ಸಣ್ಣ ಬ್ರಷ್‌ನಿಂದ ಶುಚಿ ಮಾಡಿ. ವರ್ಷಕ್ಕೊಮ್ಮೆಯಾದರೂ, ಅಲ್ಲಿಯೋ ಇಲ್ಲಿಯೋ, ವೈದ್ಯರಿಗೆ ತೋರಿಸಿ. ಮುಂದಿನ ರಜೆಗೆ ಟಿಕೆಟು ಮಾಡುವ ದಿನವೇ ಊರಿನ ದಂತ ವೈದ್ಯರಿಗೂ ಒಂದು ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಆದಂತೆಯೇ.