ನಾವು ಯಾರ ಪಾದದಿಂದಲೂ ಹುಟ್ಟಿದವರಲ್ಲ

ನಾವು ಬಿಳಿಕೆರೆ ಸೀಮೆಯ ಕೇರಿಗಳಿಂದ ಬಂದವರು. ನಮ್ಮಪ್ಪಂದಿರು ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಮಾಡಿದವರು. ತಾತಂದಿರು ಊರಿನ ಸತ್ತ ದನ ಹೊತ್ತು ತೊಗಲು ಸುಲಿದವರು. ನಮ್ಮ ಮನೆಗಳಲ್ಲಿ ಡಿಗ್ರಿ ಕಂಡ ಮೊದಲ ತಲೆ ನಾವು. ಹತ್ತನೇ ಕ್ಲಾಸಿನಲ್ಲಿ ಜೀವವಿಕಾಸದ ಪಾಠ ಬಂದಾಗ ಮೇಷ್ಟ್ರು, 'ಇದನ್ನ ನೀವೇ ಓದ್ಕಳಿ' ಅಂದು ಹಾಳೆ ಮಗುಚಿದರು. ಅವತ್ತು ಒಬ್ಬ ಮೇಷ್ಟ್ರು ಮಗುಚಿದ ಹಾಳೆಯನ್ನು ಆಮೇಲೆ ದೆಹಲಿಯೇ ಹರಿದು ಹಾಕಿತು.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದ 'ಅನುವಂಶೀಯತೆ ಮತ್ತು ಜೀವವಿಕಾಸ' 2023ರ ಮುದ್ರಣದಲ್ಲಿ ಬರೀ 'ಅನುವಂಶೀಯತೆ' ಆಯಿತು. ಮಕ್ಕಳ ಹೊರೆ ಇಳಿಸಿದೆವು ಅಂದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. 'ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ' ಅನ್ನುವುದು ಉತ್ತರ. ನಮ್ಮ ಕೇರಿಯಿಂದ ಪಿಯುಸಿ ಸೈನ್ಸಿಗೆ ಎಷ್ಟು ಮಕ್ಕಳು ಹೋಗ್ತಾರೆ ಸ್ವಾಮಿ? ಎಸ್ಸೆಸ್ಸೆಲ್ಸಿಗೇ ಪುಸ್ತಕ ಮುಚ್ಚಿ ಬ್ಯಾರನ್ನಿಗೆ ಸೌದೆ ಹಾಕಲು ಹೋಗುವ ಹುಡುಗ ತಾನು ಎಲ್ಲಿಂದ ಬಂದೆ ಅಂತ ಯಾರನ್ನು ಕೇಳಬೇಕು?

ಅವನಿಗೆ ಹೇಳಲು ಹಳೇ ಉತ್ತರವೊಂದು ಕಾದು ಕೂತಿದೆ. ಋಗ್ವೇದದ ಪುರುಷಸೂಕ್ತ. ಪುರುಷನ ಮುಖ ಬ್ರಾಹ್ಮಣ, ತೋಳು ಕ್ಷತ್ರಿಯ, ತೊಡೆ ವೈಶ್ಯ, ಪಾದದಿಂದ ಶೂದ್ರ. ನಾವು? ನಮಗೆ ಅವನ ಮೈಯಲ್ಲಿ ಉಗುರಿನಷ್ಟೂ ಜಾಗವಿಲ್ಲ. ಬಾಬಾಸಾಹೇಬರು 1946ರಲ್ಲಿ 'ಶೂದ್ರರು ಯಾರು?' ಎಂಬ ಪುಸ್ತಕವನ್ನು ಈ ಸೂಕ್ತದ ತಪಾಸಣೆಯಿಂದಲೇ ಶುರು ಮಾಡಿದ್ದು ಸುಮ್ಮನೆ ಅಲ್ಲ. ಹುಟ್ಟಿನ ಕತೆ ಯಾರ ಕೈಲಿದೆಯೋ ಊರಿನ ಬೀಗವೂ ಅವರ ಕೈಲೇ.

1859ರಲ್ಲಿ ಡಾರ್ವಿನ್ ಆ ಬೀಗಕ್ಕೆ ಕೈಹಾಕಿದ. ಎಲ್ಲ ಜೀವಗಳೂ ಒಂದೇ ಮರದ ಕೊಂಬೆಗಳು ಅಂದ. 350 ಕೋಟಿ ವರ್ಷಗಳ ಹಿಂದೆಯೇ ಈ ನೆಲದಲ್ಲಿ ಸೂಕ್ಷ್ಮಜೀವಿಗಳಿದ್ದವು. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಗಾಜಿನ ಪಾತ್ರೆಯಲ್ಲಿ ನೀರಾವಿ, ಮೀಥೇನ್, ಅಮೋನಿಯ, ಹೈಡ್ರೋಜನ್‌ಗಳಿಗೆ ವಿದ್ಯುತ್ ಕಿಡಿ ಹಾಯಿಸಿದಾಗ ಅಮೈನೋ ಆಮ್ಲಗಳು ಹುಟ್ಟಿದವು. ಜೀವ ಹುಟ್ಟಲಿಲ್ಲ, ಜೀವಕ್ಕೆ ಬೇಕಾದ ಇಟ್ಟಿಗೆ ಹುಟ್ಟಿತು. ಆ ಪಾತ್ರೆಯಲ್ಲಿ ಮುಖವೂ ಇರಲಿಲ್ಲ, ಪಾದವೂ ಇರಲಿಲ್ಲ.

ಡಾರ್ವಿನ್‌ಗೆ ಒಬ್ಬ ಗುರು ಇದ್ದ. ಜಾನ್ ಎಡ್ಮನ್‌ಸ್ಟನ್, ಗಯಾನಾದಲ್ಲಿ ಗುಲಾಮನಾಗಿದ್ದು ಬಿಡುಗಡೆಯಾದ ಕಪ್ಪು ಮನುಷ್ಯ. 1826ರಲ್ಲಿ ಎಡಿನ್‌ಬರೋದಲ್ಲಿ ಹುಡುಗ ಡಾರ್ವಿನ್ ದುಡ್ಡು ಕೊಟ್ಟು ಅವನ ಬಳಿ ಕೂತು ಸತ್ತ ಹಕ್ಕಿಯ ತೊಗಲು ಬಿಡಿಸಿ ತುಂಬುವುದನ್ನು ಕಲಿತ. ಅಲ್ಲಿ ತೊಗಲು ಬಿಡಿಸುವುದು ವಿದ್ಯೆಯಾಯಿತು. ಇಲ್ಲಿ ತೊಗಲು ಬಿಡಿಸಿದ ನಮ್ಮ ತಾತ ಮೈಲಿಗೆಯಾದ. ದನದ ಮುಂಗಾಲಿನಲ್ಲಿ ಮೇಲೊಂದು ಎಲುಬು, ಕೆಳಗೆ ಬೆಸೆದ ಎರಡು. ನಮ್ಮ ತೋಳಿನಲ್ಲೂ ಮೇಲೊಂದು, ಕೆಳಗೆರಡು. ಇದನ್ನು ದಿನಾ ಮುಟ್ಟಿ ನೋಡಿದ ಕೈಗೆ ಊರು ಕತ್ತಿ ಕೊಟ್ಟಿತು, ಸ್ಲೇಟು ಕೊಡಲಿಲ್ಲ.

ಕೋತಿ ಮನುಷ್ಯನಾದದ್ದನ್ನು ಕಂಡವರಿಲ್ಲ, ಡಾರ್ವಿನ್ ತಪ್ಪು ಎಂದು 2018ರಲ್ಲಿ ಕೇಂದ್ರದ ಮಂತ್ರಿ ಸತ್ಯಪಾಲ್ ಸಿಂಗ್ ಅಂದರು. ಇವತ್ತಿನ ಕೋತಿ ಮನುಷ್ಯನಾಯಿತು ಅಂತ ಡಾರ್ವಿನ್ ಹೇಳೇ ಇಲ್ಲ. ಇಬ್ಬರಿಗೂ ಹಿಂದೆ ಒಬ್ಬನೇ ಪೂರ್ವಜ ಅಂದ. ಇನ್ನು ವಿಕಾಸ ಕಂಡವರು ಬೇಕೇ? ಹತ್ತಿ ಹೊಲಕ್ಕೆ ಬನ್ನಿ. 2002ರಲ್ಲಿ ಹುಳ ಕೊಲ್ಲುವ ಬಿಟಿ ಹತ್ತಿ ಬಂತು. 2010ರಲ್ಲಿ ಗುಜರಾತಿನ ಗುಲಾಬಿ ಕಾಯಿಕೊರಕ ಆ ವಿಷ ತಿಂದೂ ಬದುಕಿದ್ದನ್ನು ಬೀಜದ ಕಂಪನಿಯೇ ಒಪ್ಪಿತು. ಸಾಯುವವು ಸತ್ತವು, ಸಾಯದ ನಾಕಾರು ಮರಿ ಮಾಡಿದವು, ಹೊಲವೆಲ್ಲ ಅವುಗಳ ಸಂತಾನ. ಇದೇ ಕಣ್ರೀ ವಿಕಾಸ. ಮತ್ತೆ ಔಷಧಿ ಹೊಡೆದು ವಿಷ ಉಸಿರಾಡುವವರು ನಮ್ಮವರೇ.

'ಬಲ ಇದ್ದೋನು ಉಳೀತಾನೆ' ಎಂದು ಡಾರ್ವಿನ್‌ನನ್ನು ನಮ್ಮ ಮೇಲೇ ಬೀಸುವವರೂ ಇದ್ದಾರೆ. ಹುಷಾರು. ಯಾವುದು ಉಳಿಯಿತು ಎಂಬುದು ವಿಜ್ಞಾನ. ಯಾರು ಉಳಿಯಬೇಕು ಎಂಬುದು ಅವರ ದುರಹಂಕಾರ. ನಮ್ಮನ್ನು ಕೆರೆ ನೀರು ಮುಟ್ಟದ ಹಾಗೆ ಇಟ್ಟದ್ದು ಪ್ರಕೃತಿಯಲ್ಲ, ಊರು.

ಹಳ್ಳಿಯ ಮೇಷ್ಟ್ರುಗಳೇ, ಹರಿದ ಹಾಳೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಗೆಳೆಯರೇ, ಕೇರಿಯ ಲೈಟುಕಂಬದ ಕೆಳಗೆ ಮಕ್ಕಳನ್ನು ಕೂರಿಸಿ. ಕೋಳಿಯ ರೆಕ್ಕೆಯೊಂದನ್ನು ಬಿಡಿಸಿ ಎಲುಬು ತೋರಿಸಿ, ಪಕ್ಕದಲ್ಲಿ ಅವರದೇ ತೋಳು ಚಾಚಿಸಿ. ಮೇಲೊಂದು, ಕೆಳಗೆರಡು. ಗೌಡರ ಮಗನ ತೋಳನ್ನೂ, ಪೂಜಾರಿಯ ಮಗನ ತೋಳನ್ನೂ ಪಕ್ಕದಲ್ಲಿಟ್ಟು ಎಣಿಸಲಿ. ಲೆಕ್ಕ ಬೇರೆ ಬಂದರೆ ನಮಗೆ ಬರೆದು ತಿಳಿಸಿ.