ಯಾಡಿಯ ಸೂಜಿ

ಹೊಳಲ್ಕೆರೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಲಂಬಾಣಿ ಅಜ್ಜಿಯೊಬ್ಬರು ಕುಳಿತಿದ್ದರು. ಉಟ್ಟಿದ್ದು ಸಾದಾ ಸೀರೆ.

"ಕನ್ನಡಿ ಲಂಗ ಉಡೋದು ಬಿಟ್ರಾ ಅಜ್ಜಿ?" ಎಂದು ಕೇಳಿದೆ.

"ಮಾರಿಬಿಟ್ಟೆ ಕಣಮ್ಮ. ಹಳೇ ಬಟ್ಟೆ ಕೇಳ್ಕೊಂಡು ತಾಂಡಾಕ್ಕೆ ಬಂದಿದ್ರು. ನನ್ನ ಮದುವೆಗೆ ನಮ್ಮ ಯಾಡಿ ಹೊಲಿದಿದ್ದು."

ಯಾಡಿ ಎಂದರೆ ಲಂಬಾಣಿ ಮಾತಿನಲ್ಲಿ ತಾಯಿ.

"ಮೊಮ್ಮಗಳು ಹೊಲಿಯಲ್ವಾ?"

"ಯಾರು ಕಲಿಸ್ಬೇಕು? ನಾವು ಕಾಫಿ ತೋಟಕ್ಕೆ ಕೂಲಿಗೆ ಹೋದ್ವಿ, ಅವಳು ಹಾಸ್ಟೆಲ್‌ನಲ್ಲಿ ಬೆಳೆದಳು" ಎಂದು ಅಜ್ಜಿ ಕಿಟಕಿಯತ್ತ ಮುಖ ತಿರುಗಿಸಿದರು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಂಡಾಗಳಲ್ಲಿ ಹೆಣ್ಣುಮಕ್ಕಳು ಈ ಕಲೆಯನ್ನು ತಾಯಿಯ ಪಕ್ಕ ಕುಳಿತೇ ಕಲಿಯುತ್ತಿದ್ದರು. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ತಲೆಯ ಮೇಲಿನ ಸೆರಗು, ಎಲ್ಲವೂ ಕೈಹೊಲಿಗೆಯವು. ಕನ್ನಡಿಚೂರಿಗೆ ತೂತು ಇರುವುದಿಲ್ಲ. ಅದರ ಮೇಲೆ ಅಡ್ಡ ಉದ್ದ ದಾರ ಎಳೆದು, ಸುತ್ತ ಹೆಣೆದು ಬಟ್ಟೆಗೆ ಬಿಗಿಯಬೇಕು. ಕವಡೆ, ಮಣಿ, ನಾಣ್ಯಗಳನ್ನು ಒಂದೊಂದಾಗಿ ಪೋಣಿಸಬೇಕು. ಮಗಳು ಇದನ್ನು ತಾಯಿಯ ಬೆರಳು ನೋಡಿಯೇ ಕಲಿಯಬೇಕು.

ಈ ಕಲೆಗೆ ಬೆಲೆಯಿಲ್ಲ ಎನ್ನುವಂತಿಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಮಹಿಳೆಯರು ಇದರಿಂದಲೇ ದುಡಿಯುತ್ತಾರೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು.

ಆದರೆ ದಾಖಲೆಯ ಪತ್ರ ಮೊಮ್ಮಗಳ ಕೈಗೆ ಹೊಲಿಗೆ ಕಲಿಸುವುದಿಲ್ಲ. ಮಾರಿದ ಲಂಗವನ್ನು ಕತ್ತರಿಸಿ ಚೀಲ ಮಾಡಬಹುದು, ದಿಂಬಿನ ಹೊದಿಕೆ ಮಾಡಬಹುದು. ಅಂಥದ್ದೇ ಇನ್ನೊಂದು ಲಂಗವಾಗಬೇಕಾದರೆ ಹೊಲಿಯುವ ಕೈ ಬೇಕು. ಹಾಗೆಂದು ಆ ಹುಡುಗಿ ಓದು ಬಿಟ್ಟು ತಾಂಡಾದಲ್ಲೇ ಕೂರಬೇಕೆಂದು ನಾನು ಹೇಳುತ್ತಿಲ್ಲ. ಓದೂ ಬೇಕು, ಸೂಜಿಯೂ ಬೇಕು. ರಜೆಯಲ್ಲಿ ಅಜ್ಜಿಯ ಜೊತೆ ಕೂರಲು ನಾಲ್ಕು ದಿನ ಸಾಕು.

ನಮ್ಮ ಮನೆಗಳಲ್ಲೂ ಇದೇ ಕತೆಯಲ್ಲವೇ? ಅಮ್ಮಿ ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯನ್ನು ಹೊದ್ದು ನಾವು ಬೆಳೆದೆವು. ಈಗ ಅಂಗಡಿಯ ರಗ್ಗು ಬಂದು ಕೌದಿ ಅಟ್ಟ ಸೇರಿದೆ. ಅದನ್ನು ಹೊಲಿಯಲು ನನಗೂ ಬಾರದು. ಅಮ್ಮಿ ಇದ್ದಾಗ ನಾನು ಕೇಳಲೇ ಇಲ್ಲ.

ಬಸ್ಸಿನಿಂದ ಇಳಿಯುವ ಮುನ್ನ ಅಜ್ಜಿಯನ್ನು ಕೇಳಿದೆ: "ಈಗಲೂ ಹೊಲಿಯೋಕೆ ಬರುತ್ತಾ?"

"ಕಣ್ಣು ಮಂಜು. ಕೈಗೆ ಮರೆತಿಲ್ಲ" ಎಂದರು.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಅಂಥ ಕೈಗಳಿದ್ದರೆ ಈ ವಾರವೇ ಸೂಜಿ, ದಾರ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ. ಮಗಳನ್ನೂ ಕೂರಿಸಿ.