ಬಲಕ್ಕೇ ಓಡುವ ಚೆಂಡು

ಮೊದಲೇ ಹೇಳಿಬಿಡ್ತೀನಿ, ನಮ್ಮದು ಗಾಲ್ಫ್ ಆಡುವ ಮನೆತನವಲ್ಲ. ಹುಟ್ಟಿದ್ದು ಹುಮನಾಬಾದ್, ರಜೆ ಬಂತೆಂದರೆ ಬಸವಕಲ್ಯಾಣದ ಮಾಮಾನ ಮನೆ. ಅಲ್ಲಿನ ಥೇರ್ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿದ್ದೇ ನನ್ನ ಕ್ರೀಡಾ ಇತಿಹಾಸ. ಗಾಲ್ಫ್ ಸ್ಟಿಕ್ ಕೈಗೆ ಬಂದಿದ್ದು ಬೆಂಗಳೂರಿಗೆ ಕೆಲಸಕ್ಕೆ ಸೇರಿದ ಮೇಲೆ, ಆಫೀಸಿನವರ ಜೊತೆ.

ಎರಡು ವರ್ಷದಿಂದ ಒಂದೇ ರೋಗ. ಹೊಡೆದ ಚೆಂಡು ಸ್ವಲ್ಪ ದೂರ ಚೆನ್ನಾಗಿ ಹೋಗಿ, ಆಮೇಲೆ ಬಾಳೆಹಣ್ಣಿನ ಹಾಗೆ ಬಾಗಿ ಬಲಕ್ಕೆ ಓಡುತ್ತಿತ್ತು. ಇದಕ್ಕೆ ಸ್ಲೈಸ್ ಅಂತಾರೆ. ಬಲಗೈಯಲ್ಲಿ ಆಡುವ ಹೊಸಬರಲ್ಲಿ ತುಂಬಾ ಸಾಮಾನ್ಯ. ನಾನೂ ಎಲ್ಲ ಮದ್ದು ಮಾಡಿದೆ. ರಾತ್ರಿಯೆಲ್ಲ ಯೂಟ್ಯೂಬ್ ನೋಡಿದೆ, ಇಎಂಐ ಮೇಲೆ ಹೊಸ ಡ್ರೈವರ್ ತಗೊಂಡೆ, ಇನ್ನೂ ಜೋರಾಗಿ ಬೀಸಿದೆ. ಎರಡು ದಿನ ಸರಿ, ಮೂರನೇ ದಿನ ಮತ್ತೆ ಅದೇ ಕಥೆ.

ಕಳೆದ ಡಿಸೆಂಬರ್‌ನಲ್ಲಿ ಒಂದು ಚೆಂಡು ಹಾಗೇ ಬಾಗಿ, ಮುಂದೆ ಬಲಬದಿಯಲ್ಲಿ ನಿಂತಿದ್ದ ಕ್ಯಾಡಿ ಹುಡುಗನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಇಂಥ ಹೊತ್ತಲ್ಲಿ 'ಫೋರ್!' ಅಂತ ಕೂಗಿ ಎಚ್ಚರಿಸಬೇಕು. ನನಗೆ ಬಾಯೇ ಬರಲಿಲ್ಲ. ಅವನು ಬಗ್ಗಿದ, ಬದುಕಿದ, ನಕ್ಕುಬಿಟ್ಟ. ನನಗೆ ನಗಲಾಗಲಿಲ್ಲ. ಅಲ್ಲಿಯವರೆಗೆ ಅದು ನನ್ನ ಸ್ಕೋರಿನ ಚಿಂತೆಯಾಗಿತ್ತು. ಅಂದು ಇನ್ನೊಬ್ಬರ ತಲೆಯ ಪ್ರಶ್ನೆ ಆಯಿತು.

ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆಂದು ಹುಮನಾಬಾದ್‌ಗೆ ಹೋದೆ. ಬ್ಯಾಗಲ್ಲಿ ಒಂದು ಸ್ಟಿಕ್, ತೂತಿರುವ ಪ್ಲಾಸ್ಟಿಕ್ ಚೆಂಡು ಹತ್ತು. ಜಾತ್ರೆ ಮುಗಿಸಿ ಬಸವಕಲ್ಯಾಣಕ್ಕೆ ಹೋದಾಗ ಮಾಮಾನ ಹೊಲದಲ್ಲಿ ಯಾರೂ ಇಲ್ಲದ ಕಡೆ ನಿಂತು ಬೀಸತೊಡಗಿದೆ. ಮಾಮಾ ಪಿ.ಟಿ. ಮಾಸ್ತರಾಗಿ ನಿವೃತ್ತರಾದವರು. ಗಾಲ್ಫ್ ನೋಡಿದ್ದು ಟಿವಿಯಲ್ಲಿ ಮಾತ್ರ. ಬದುವಿನ ಮೇಲೆ ಕೂತು ಹತ್ತು ನಿಮಿಷ ಸುಮ್ಮನೆ ನೋಡಿದರು.

"ಚೆಂಡು ಮೊದ್ಲು ಯಾವ ಕಡಿ ಹೋಗ್ತದ, ಆಮ್ಯಾಲ ಯಾವ ಕಡಿ ತಿರಗ್ತದ?"

"ಬಲಕ್ಕ ಹೋಗ್ತದ ಮಾಮಾ."

"ಅದು ಕಡೀಕ. ಮೊದ್ಲು ಯಾವ ಕಡಿ ಅಂದೆ."

ನನಗೆ ಗೊತ್ತಿರಲಿಲ್ಲ! ಎರಡು ವರ್ಷ ಚೆಂಡು ಬಿದ್ದ ಜಾಗ ಮಾತ್ರ ನೋಡಿದ್ದೆ. ಮಾಮಾ ನನ್ನ ಹಿಂದೆ ನಿಂತು ಫೋನಲ್ಲಿ ವಿಡಿಯೊ ಮಾಡಿದರು. ಚೆಂಡು ಶುರುವಾಗುತ್ತಿದ್ದದ್ದು ಎಡಕ್ಕೆ! ಯಾಕಂದ್ರೆ ಬಲಕ್ಕೆ ಹೋಗುತ್ತೆ ಅನ್ನುವ ಭಯದಿಂದ ನಾನು ನಿಲ್ಲುವಾಗಲೇ ಎಡಕ್ಕೆ ತಿರುಗಿ ನಿಲ್ಲುತ್ತಿದ್ದೆ.

ಇಲ್ಲೇ ಗುಟ್ಟು ಇರುವುದು. ಚೆಂಡು ಯಾವ ದಿಕ್ಕಿನಲ್ಲಿ ಹೊರಡುತ್ತೆ ಅನ್ನುವುದನ್ನು ಹೆಚ್ಚಾಗಿ ನಿರ್ಧರಿಸುವುದು ಹೊಡೆಯುವ ಕ್ಷಣದಲ್ಲಿ ಸ್ಟಿಕ್‌ನ ಮುಖ ಎತ್ತ ನೋಡುತ್ತಿದೆ ಅನ್ನುವುದು. ಆಮೇಲೆ ಎತ್ತ ಬಾಗುತ್ತೆ ಅನ್ನುವುದು, ಆ ಮುಖಕ್ಕೂ ಸ್ಟಿಕ್ ಬೀಸಿ ಬಂದ ದಾರಿಗೂ ಇರುವ ವ್ಯತ್ಯಾಸದಿಂದ. ಮುಖ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತೆ. ನಾನು ಎಡಕ್ಕೆ ತಿರುಗಿದಷ್ಟೂ ಸ್ಟಿಕ್ ಹೊರಗಿಂದ ಒಳಕ್ಕೆ ಚೆಂಡನ್ನು ಸೀಳಿಕೊಂಡು ಬರುತ್ತಿತ್ತು, ವ್ಯತ್ಯಾಸ ಹೆಚ್ಚುತ್ತಿತ್ತು, ಚೆಂಡು ಇನ್ನೂ ಬಾಗುತ್ತಿತ್ತು. ಅಂದ್ರೆ ನಾನು ಕೊಡುತ್ತಿದ್ದ ಔಷಧಿಯೇ ರೋಗ ಬೆಳೆಸುತ್ತಿತ್ತು.

ಮುಖ ತೆರೆದೇ ಇರುವುದಕ್ಕೂ ಕಾರಣ ಸಿಕ್ಕಿತು. "ಯಾಕೋ, ಬ್ಯಾಟ್ ಹಿಡ್ದಂಗೇ ಹಿಡ್ದಿಯಲ್ಲ?" ಅಂದರು ಮಾಮಾ. ನಿಜ. ನೇರ ಡ್ರೈವ್‌ಗೆ ಬ್ಯಾಟಿನ ಪೂರ್ತಿ ಮುಖ ಬೌಲರ್‌ಗೆ ಕಾಣಬೇಕು, ಮಣಿಕಟ್ಟು ತಿರುಗಬಾರದು ಅಂತ ಕಲಿಸಿದ್ದು ಅವರೇ. ಆದರೆ ಗಾಲ್ಫ್ ಸ್ಟಿಕ್‌ನ ತಲೆ ಕೋಲಿನ ಒಂದು ಪಕ್ಕಕ್ಕೆ ಚಾಚಿಕೊಂಡಿರುತ್ತೆ. ಹಿಂದಕ್ಕೆ ಎತ್ತುವಾಗ ಅದರ ಮುಖ ತೆರೆಯುತ್ತೆ. ಕೆಳಗೆ ಬರುವಾಗ ಮುಂಗೈ ತಿರುಗಿ ಅದನ್ನು ಮತ್ತೆ ಮುಚ್ಚಬೇಕು. ನನ್ನ ಕ್ರಿಕೆಟ್ ಕೈ ಅದಕ್ಕೆ ಬಿಡುತ್ತಿರಲಿಲ್ಲ.

ಆಮೇಲೆ ಮಾಡಿದ್ದು ಮೂರೇ ಕೆಲಸ, ಒಂದಾದ ಮೇಲೆ ಒಂದು.

ಮೊದಲು ಹಿಡಿತ. ಕೆಳಗೆ ನೋಡಿದರೆ ಎಡಗೈಯ ಒಂದೇ ಗೆಣ್ಣು ಕಾಣುತ್ತಿತ್ತು. ಎರಡು, ಎರಡೂವರೆ ಗೆಣ್ಣು ಕಾಣುವಷ್ಟು ಕೈಯನ್ನು ಬಲಕ್ಕೆ ಹೊರಳಿಸಿದೆ. ಹೆಬ್ಬೆರಳು, ತೋರುಬೆರಳ ನಡುವಿನ ಗೆರೆ ಬಲ ಭುಜದ ಕಡೆ ತೋರಿಸಬೇಕು.

ಎರಡನೆಯದು ನಿಲುವು. ಎರಡು ಜೋಳದ ದಂಟು ತಂದು, ಒಂದನ್ನು ಚೆಂಡಿನ ಆಚೆ ಗುರಿಯ ಕಡೆಗೆ, ಇನ್ನೊಂದನ್ನು ಪಾದದ ಮುಂದೆ ಅದಕ್ಕೆ ಸಮಾನಾಂತರವಾಗಿ ಇಟ್ಟೆ. ಪಾದ, ಸೊಂಟ, ಭುಜ ಮೂರೂ ಅದೇ ಗೆರೆಯಲ್ಲಿ.

ಮೂರನೆಯದು ದಾರಿ. ಚೆಂಡಿನ ಆಚೆ ಬದಿಗೆ, ಸ್ವಲ್ಪ ಹಿಂದೆ ಖಾಲಿ ಚಪ್ಪಲಿ ಡಬ್ಬಿ ಇಟ್ಟೆ. ಸ್ಟಿಕ್ ಹೊರಗಿಂದ ಬಂದರೆ ಡಬ್ಬಿ ಹಾರುತ್ತೆ. ಅರ್ಧ ಬೀಸಿನಿಂದ ಶುರು ಮಾಡಿದೆ. ಮೊದಲ ದಿನ ಡಬ್ಬಿ ಚಿಂದಿ.

ಇನ್ನೊಂದು ಮಾತು. ಹಿಡಿತ ಬದಲಾದ ಕೂಡಲೇ ಕೆಲವು ಚೆಂಡು ಎಡಕ್ಕೆ ಹೋಗುತ್ತವೆ, ಕೈಯೂ ಪರರದ್ದು ಅನಿಸುತ್ತೆ. ಎಲ್ಲರೂ ಹಳೆಯದಕ್ಕೆ ಓಡಿಹೋಗುವುದು ಅಲ್ಲೇ. ಓಡಬೇಡಿ.

ಜೋರಾಗಿ ಹೊಡೆಯುವ ಹುಚ್ಚೂ ಬಿಟ್ಟೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಅಲ್ಲಿ ಅವರಿಗಿಂತ ದೂರ ಹೊಡೆಯುವವರು ಬೇಕಾದಷ್ಟು ಮಂದಿ ಇದ್ದರು. ಅವರನ್ನು ಅಷ್ಟು ಮೇಲೆ ತಂದಿದ್ದು ದೂರವಲ್ಲ, ನಿಖರತೆ.

ರೋಗ ಪೂರ್ತಿ ಹೋಯಿತು ಅಂತ ಸುಳ್ಳು ಹೇಳಲಾರೆ. ಟೆನ್ಷನ್ ಆದರೆ ಭುಜ ಮತ್ತೆ ಎಡಕ್ಕೆ ತಿರುಗುತ್ತೆ. ಆದರೆ ಈಗ ಚೆಂಡು ಬಿದ್ದಲ್ಲಿ ನೋಡಲ್ಲ, ಹೊರಟಲ್ಲಿ ನೋಡ್ತೀನಿ. ಕಾರಣ ಅಲ್ಲೇ ಸಿಗುತ್ತೆ.

ಕಳೆದ ಭಾನುವಾರ 14 ಟೀ ಶಾಟ್‌ಗಳಲ್ಲಿ ಬಲಕ್ಕೆ ಓಡಿದ್ದು ನಾಲ್ಕೇ. ಡಿಸೆಂಬರ್ ನಂತರ ನಾನು ಹೊಡೆಯುವಾಗೆಲ್ಲ ಮರದ ಮರೆಗೆ ಹೋಗುತ್ತಿದ್ದ ಆ ಕ್ಯಾಡಿ ಹುಡುಗ, ಧೈರ್ಯ ಮಾಡಿ ಈಚೆ ಬಂದು ನಿಂತಿದ್ದ. ಖುಷಿಯಾಯಿತು. ಆದರೂ ಕೈ ಮಾಡಿ ಮರದ ಹಿಂದಕ್ಕೇ ಕಳಿಸಿದೆ. ಇನ್ನೂ ನಾಲ್ಕು ಬಾಕಿ ಇವೆಯಲ್ಲ!